ನಗು–ನಕ್ಕ, ಗೋ–ವೆಂಟ್

ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಬಳಗವೊಂದರ ಭಾನುವಾರದ ಸಭೆಯಲ್ಲಿ, ಕನ್ನಡದ ಮೂಲಕ ಇಂಗ್ಲಿಷ್ ಕ್ರಿಯಾಪದ ಕಲಿಯುವ ಬಗ್ಗೆ ಮಾತಾಡಿದ್ದರ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಮಕ್ಕಳಿಗೆ ಒಂದು ಪ್ರಶ್ನೆ. ಅವನು ಇವತ್ತು ಮಾಡುತ್ತಾನೆ. ನಿನ್ನೆ? ಮಾಡಿದ. ಇವತ್ತು ಹಾಡುತ್ತಾನೆ. ನಿನ್ನೆ? ಹಾಡಿದ. ಇವತ್ತು ಓಡುತ್ತಾನೆ. ನಿನ್ನೆ? ಓಡಿದ. ಸರಿ. ಇವತ್ತು ನಗುತ್ತಾನೆ. ನಿನ್ನೆ?

ಮುಂದಿನ ಸಾಲಿನ ಹುಡುಗ 'ನಗಿದ' ಅಂದ. ಅವನ ಅಜ್ಜಿ ಹಿಂದಿನಿಂದ 'ನಕ್ಕ ಅನ್ನಬೇಕು ಮಗಾ' ಅಂದರು. ದಯವಿಟ್ಟು ಯಾರೂ ಅವನನ್ನು ನೋಡಿ ನಗಬೇಡಿ. ಅವನು ಒಳ್ಳೆಯ ಕೆಲಸ ಮಾಡಿದ್ದಾನೆ. ಮಾಡಿದ, ಹಾಡಿದ, ಓಡಿದ ಅನ್ನುವುದನ್ನು ಕೇಳಿ ಒಂದು ನಿಯಮ ಹಿಡಿದ. ಆ ನಿಯಮವನ್ನು ಹೊಸ ಪದಕ್ಕೆ ಹಚ್ಚಿದ. ಲಂಡನ್ನಿನ ಮೂರು ವರ್ಷದ ಮಗು ವೆಂಟ್ ಬದಲು 'ಗೋಡ್' ಅನ್ನುವುದೂ, ಏಟ್ ಬದಲು 'ಈಟೆಡ್' ಅನ್ನುವುದೂ ಹೀಗೆಯೇ. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ವಿದುಷಿ ಚಿಕ್ಕ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ಪದಗಳನ್ನು ತಾವೇ ಕಟ್ಟಿದರು. ಚಿತ್ರ ತೋರಿಸಿ, ಈ ಮನುಷ್ಯನಿಗೆ 'ರಿಕ್' ಮಾಡುವುದು ಗೊತ್ತು, ನಿನ್ನೆಯೂ ಅದನ್ನೇ ಮಾಡಿದ, ಹಾಗಾದರೆ ನಿನ್ನೆ ಅವನು ಏನು ಮಾಡಿದ ಎಂದು ಕೇಳಿದರು. ಮಕ್ಕಳು 'ರಿಕ್ಟ್' ಅಂದರು. ಆ ಪದವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನಿಯಮ ಅವರ ತಲೆಯಲ್ಲಿ ಆಗಲೇ ಕೂತಿತ್ತು.

ಈ ಹುಡುಗನ ತಲೆಯಲ್ಲಿ ಕನ್ನಡದ ನಿಯಮ ಹಾಗೇ ಕೂತಿದೆ. ಮುಂಬಯಿಯಲ್ಲಿ ಹುಟ್ಟಿ, ಹೊರಗೆ ಹಿಂದಿ ಮರಾಠಿ ಮಾತಾಡಿ, ಮನೆಯಲ್ಲಷ್ಟೇ ಕನ್ನಡ ಕೇಳುವ ಮಗು. 'ನಕ್ಕ' ಅನ್ನುವುದನ್ನು ಅವನು ಸಾಕಷ್ಟು ಸಲ ಕೇಳಿಲ್ಲ, ಅಷ್ಟೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ನಾವು ಎಡವುವ ಜಾಗಗಳಲ್ಲಿ ಅರ್ಧಕ್ಕೆ ಬೀಗದ ಕೈ ನಮ್ಮ ಕನ್ನಡದಲ್ಲೇ ಇದೆ. ಇನ್ನರ್ಧದಲ್ಲಿ ಎಡವಿಸುವುದೂ ಕನ್ನಡವೇ. ಯಾವುದು ಎಲ್ಲಿ ಎಂದು ತಿಳಿದುಕೊಂಡರೆ ಭಯ ಹೋಗುತ್ತದೆ.

ನಾನು ಮುಂಬಯಿಯ ಫೋರ್ಟ್ ಕಡೆಯ ಒಂದು ರಾತ್ರಿ ಶಾಲೆಯಲ್ಲಿ 27 ವರ್ಷ ಇಂಗ್ಲಿಷ್ ಕಲಿಸಿದೆ. ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿ ವಕೀಲರಾದವರು, ಬ್ಯಾಂಕ್ ಅಧಿಕಾರಿಗಳಾದವರು ಈ ಊರಿನ ಕನ್ನಡಿಗರಲ್ಲಿ ಎಷ್ಟೋ ಮಂದಿ. ನಿಮ್ಮಲ್ಲೂ ಕೆಲವರು ಇದ್ದೀರಿ ಎಂದು ಗೊತ್ತು. ನನ್ನ ತರಗತಿಗೆ ಕುಂದಾಪುರ, ಕಾರ್ಕಳ ಕಡೆಯ ಹುಡುಗರು ಬರುತ್ತಿದ್ದರು. ಇಡೀ ದಿನ ಪ್ಲೇಟು ತೊಳೆದು ಬೆರಳ ತುದಿ ಸುಕ್ಕಾಗಿರುತ್ತಿತ್ತು. ಕೈಯಲ್ಲಿ ಪೆನ್ಸಿಲ್ ಜಾರುತ್ತಿತ್ತು. ಒಂದು ರಾತ್ರಿ ನಾನು ಬೋರ್ಡಿನ ಮೇಲೆ ಕ್ರಿಯಾಪದದ ಮೂರು ರೂಪಗಳಿಗೆ ವಿ ಒನ್, ವಿ ಟೂ, ವಿ ತ್ರೀ ಎಂದು ಮೂರು ಗೆರೆ ಎಳೆದು ಗೋ, ವೆಂಟ್, ಗಾನ್ ಬರೆದೆ. ಒಬ್ಬ ಹುಡುಗ ಎದ್ದು ನಿಂತ. 'ಸರ್, ಗೋ ಇದ್ದದ್ದು ವೆಂಟ್ ಹೇಗೆ ಆಯ್ತು?' ಅದು ಇರ್ರೆಗ್ಯುಲರ್, ಅಂದರೆ ನಿಯಮಕ್ಕೆ ಸಿಗದ್ದು, ಬಾಯಿಪಾಠ ಮಾಡು ಅಂದೆ. ಅವನು ಕೂರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, 'ನಮ್ಮಲ್ಲೂ ಹಾಗೇ ಅಲ್ವಾ ಸರ್? ಬರು ಅನ್ನುವುದರಲ್ಲಿ ರ ಇದೆ. ಬಂದ ಅನ್ನುವಾಗ ಅದು ಎಲ್ಲಿ ಹೋಯ್ತು?' ಅಂದ.

ಆ ರಾತ್ರಿ ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಂಡು ಕನ್ನಡದ ಕ್ರಿಯಾಪದಗಳನ್ನು ಬರೆಯುತ್ತಾ ಕೂತೆ. ಬರು–ಬಂದ, ತರು–ತಂದ. ಕೊಡು–ಕೊಟ್ಟ, ಬಿಡು–ಬಿಟ್ಟ, ಸುಡು–ಸುಟ್ಟ. ನಗು–ನಕ್ಕ, ಸಿಗು–ಸಿಕ್ಕ. ತಿನ್ನು–ತಿಂದ, ಕೊಲ್ಲು–ಕೊಂದ, ಗೆಲ್ಲು–ಗೆದ್ದ, ನಿಲ್ಲು–ನಿಂತ. ಸಾಯು–ಸತ್ತ, ಅಳು–ಅತ್ತ, ಹೊರು–ಹೊತ್ತ. ಹಾಳೆ ತುಂಬಿಹೋಯಿತು. ಇಷ್ಟನ್ನೂ ನಾವು ಯಾವ ಪಟ್ಟಿಯೂ ಇಲ್ಲದೆ ಕಲಿತಿದ್ದೇವೆ. ಅಕ್ಷರ ಬಾರದ ನನ್ನ ಅಜ್ಜಿಗೆ ಇದರಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಹಾಗಿರುವಾಗ ಇರ್ರೆಗ್ಯುಲರ್ ಎಂಬ ಪದಕ್ಕೆ ಕನ್ನಡದವರು ಹೆದರಬೇಕಾಗಿಲ್ಲ.

ಆ ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಇವು ಗುಂಪು ಗುಂಪಾಗಿ ಇರುತ್ತವೆ. ಕೊಟ್ಟ, ಬಿಟ್ಟ, ಸುಟ್ಟ ಒಂದು ಮನೆಯವು. ನಕ್ಕ, ಸಿಕ್ಕ ಇನ್ನೊಂದು ಮನೆಯವು. ಇಂಗ್ಲಿಷಿನಲ್ಲೂ ಹಾಗೆಯೇ. ಸಿಂಗ್–ಸ್ಯಾಂಗ್–ಸಂಗ್, ರಿಂಗ್–ರ‍್ಯಾಂಗ್–ರಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್ ಒಂದು ಮನೆ. ರೈಟ್–ರೋಟ್–ರಿಟನ್, ಡ್ರೈವ್–ಡ್ರೋವ್–ಡ್ರಿವನ್ ಒಂದು ಮನೆ. ಬ್ರಿಂಗ್–ಬ್ರಾಟ್, ಬೈ–ಬಾಟ್, ಥಿಂಕ್–ಥಾಟ್, ಟೀಚ್–ಟಾಟ್ ಮತ್ತೊಂದು. ಅಕಾರಾದಿ ಪಟ್ಟಿಯಲ್ಲಿ ಓದಿದರೆ ಇವು ಚದುರಿಹೋಗುತ್ತವೆ. ಮನೆ ಮನೆಯಾಗಿ ಓದಿದರೆ ಒಂದು ಇನ್ನೊಂದನ್ನು ನೆನಪಿಸುತ್ತದೆ. ಅಕಾರಾದಿ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದನ್ನು ನಾನು ಅವತ್ತಿನಿಂದ ನಿಲ್ಲಿಸಿದೆ.

ಮೂರೂ ರೂಪ ಒಂದೇ ಆಗಿರುವ ಮನೆಯೂ ಇದೆ. ಕಟ್–ಕಟ್–ಕಟ್, ಪುಟ್, ಹಿಟ್, ಶಟ್, ಲೆಟ್, ಹರ್ಟ್, ಕಾಸ್ಟ್, ಸ್ಪ್ರೆಡ್. ಅರ್ಧ ಲೋಟದ 'ಕಟಿಂಗ್ ಚಹಾ' ಕುಡಿಯುವ ಊರಿನಲ್ಲಿ ಕಟ್ ಅನ್ನು ನೆನಪಿಡುವುದು ಕಷ್ಟವಲ್ಲ. ಆದರೆ ಒಮ್ಮೆ ಕಿವಿಗೊಟ್ಟು ಕೇಳಿ. ಎಲ್ಲವೂ ಟ್ ಅಥವಾ ಡ್ ದನಿಯಲ್ಲೇ ಮುಗಿಯುತ್ತವೆ. ಭೂತಕಾಲದ ಗುರುತೂ ಆ ದನಿಯೇ. ಇದ್ದ ದನಿಯಲ್ಲಿ ಬಂದ ದನಿ ಕರಗಿಹೋಗಿದೆ. ಹಾಗಾಗಿ 'ಕಟೆಡ್', 'ಪುಟೆಡ್' ಎಂದು ಇನ್ನೊಂದು ಬಾಲ ಅಂಟಿಸಬೇಡಿ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಕೀಪ್–ಕೆಪ್ಟ್. ಸ್ಲೀಪ್–ಸ್ಲೆಪ್ಟ್, ಫೀಲ್–ಫೆಲ್ಟ್, ಮೀಟ್–ಮೆಟ್, ಫೀಡ್–ಫೆಡ್, ರೀಡ್–ರೆಡ್. ಎಲ್ಲದರಲ್ಲೂ ಉದ್ದದ ಸ್ವರ ಗಿಡ್ಡ ಆಗುತ್ತದೆ. ಯಾಕೆ? ಇದಕ್ಕೆ ಉತ್ತರ ನಮ್ಮ ಕನ್ನಡದಲ್ಲೇ ಕಾಣುತ್ತದೆ. ಏಳು–ಎದ್ದ. ಬೀಳು–ಬಿದ್ದ. ಕೀಳು–ಕಿತ್ತ. ಬೇಯು–ಬೆಂದ. ಸಾಯು–ಸತ್ತ. ಮುಂದೆ ಒತ್ತಕ್ಷರವೋ ಸೊನ್ನೆಯೋ ಬಂದರೆ ಹಿಂದಿನ ದೀರ್ಘ ಹ್ರಸ್ವವಾಗುತ್ತದೆ. ಎರಡೂ ಬರದಿದ್ದರೆ ದೀರ್ಘ ಹಾಗೇ ಇರುತ್ತದೆ. ಸೋಲು–ಸೋತ, ಹೋಗು–ಹೋದ, ಕಾಯು–ಕಾದ. ಇಂಗ್ಲಿಷಿನಲ್ಲಿ ನಡೆದದ್ದೂ ಇದೇ. ಸುಮಾರು 600 ವರ್ಷದ ಹಿಂದೆ ಅವರು ಕೀಪ್ ಅನ್ನುವುದನ್ನು 'ಕೇಪ್' ಎಂಬಂತೆ ಹೇಳುತ್ತಿದ್ದರು. ಪ ಮತ್ತು ಟ ಕೂಡಿದ ಕೂಡಲೇ ಏ ಹೋಗಿ ಎ ಆಯಿತು. ಏಳು–ಎದ್ದ, ಕೇಪ್–ಕೆಪ್ಟ್. ಸಂಬಂಧವೇ ಇಲ್ಲದ ಎರಡು ಭಾಷೆಗಳು. ಆದರೂ ಮನುಷ್ಯರ ಬಾಯಿ ಒಂದೇ ಥರ ಕೆಲಸ ಮಾಡಿದೆ. ಇದನ್ನು ಕಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ರೀಡ್–ರೆಡ್ ಬಗ್ಗೆ ಒಂದು ಮಾತು. ಇಂಗ್ಲಿಷ್ ಲಿಪಿಯಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಉಚ್ಚಾರಣೆಯನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ಕೀಳು ಎಂದು ಕೆಲವರು ಮಕ್ಕಳನ್ನು ಗದರುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಲಿಪಿ ದನಿಗೆ ಹತ್ತಿರವಾದ ಲಿಪಿ. ಅದನ್ನು ಧಾರಾಳವಾಗಿ ಬಳಸಿ.

ವರ್ಣಮಾಲೆ ಇನ್ನೊಂದು ಕಡೆಯೂ ಸಹಾಯಕ್ಕೆ ಬರುತ್ತದೆ. ರೆಗ್ಯುಲರ್ ಕ್ರಿಯಾಪದದ ಕೊನೆಯಲ್ಲಿ ಸೇರುವ ಬಾಲಕ್ಕೆ ಕಾಗುಣಿತ ಒಂದೇ, ದನಿ ಮೂರು. ವಾಕ್ಟ್, ಪ್ಲೇಡ್, ವಾಂಟಿಡ್. ನಮ್ಮವರು ಎಲ್ಲಕ್ಕೂ 'ಎಡ್' ಸೇರಿಸಿ 'ವಾಕೆಡ್', 'ಹೆಲ್ಪೆಡ್' ಅನ್ನುತ್ತಾರೆ. ಕ ಚ ಟ ತ ಪ ನೆನಪಿಸಿಕೊಳ್ಳಿ. ಕ, ಚ, ಪ, ಜೊತೆಗೆ ಸ, ಶ, ಫ. ಇವುಗಳಲ್ಲಿ ಮುಗಿದರೆ ಬಾಲ 'ಟ್' ಆಗುತ್ತದೆ. ವಾಕ್ಟ್, ವಾಚ್ಟ್, ಹೆಲ್ಪ್ಟ್, ಪಾಸ್ಟ್, ವಾಶ್ಟ್. ಗ, ಜ, ಬ, ಮ, ನ, ಲ, ವ ಅಥವಾ ಸ್ವರದಲ್ಲಿ ಮುಗಿದರೆ 'ಡ್'. ಬೆಗ್ಡ್, ಕಾಲ್ಡ್, ಪ್ಲೇಡ್. ಕೊನೆಯಲ್ಲಿ ಟ್ ಅಥವಾ ಡ್ ಮೊದಲೇ ಇದ್ದರೆ ಮಾತ್ರ 'ಇಡ್'. ವಾಂಟಿಡ್, ನೀಡಿಡ್. ಗಂಟಲ ಮೇಲೆ ಬೆರಳಿಟ್ಟು ಸಸ್ಸ್ ಅನ್ನಿ, ಆಮೇಲೆ ಮಮ್ಮ್ ಅನ್ನಿ. ಮೊದಲನೆಯದಕ್ಕೆ ಗಂಟಲು ಸುಮ್ಮನಿರುತ್ತದೆ, ಎರಡನೆಯದಕ್ಕೆ ನಡುಗುತ್ತದೆ. ನಡುಗದಿದ್ದರೆ ಟ್, ನಡುಗಿದರೆ ಡ್. ವರ್ಣಮಾಲೆ ಜೋಡಿಸಿದವರು ಈ ವ್ಯತ್ಯಾಸವನ್ನು ಎರಡು ಸಾವಿರ ವರ್ಷಕ್ಕೂ ಮೊದಲೇ ಗುರುತಿಸಿದ್ದರು.

ಈಗ ವೆಂಟ್‌ಗೆ ಬರೋಣ. ಆ ಹುಡುಗನಿಗೆ ನಾನು ಮರುದಿನ ಉತ್ತರ ಕೊಟ್ಟೆ. ವೆಂಟ್ ಮೊದಲು ಗೋ ಮನೆಯದಲ್ಲ. 'ವೆಂಡ್' ಎಂಬ ಬೇರೊಂದು ಕ್ರಿಯಾಪದ ಇತ್ತು. ಸೆಂಡ್–ಸೆಂಟ್, ಲೆಂಡ್–ಲೆಂಟ್, ಹಾಗೆಯೇ ವೆಂಡ್–ವೆಂಟ್. ಗೋ ಪದಕ್ಕೆ ಮೊದಲಿದ್ದ ಭೂತರೂಪ ಬಳಕೆಯಿಂದ ಬಿದ್ದುಹೋಯಿತು. ಆ ಖಾಲಿ ಜಾಗದಲ್ಲಿ ವೆಂಟ್ ಬಂದು ಕೂತಿತು. ಹುಡುಗನಿಗೆ ಆಮೇಲೆ ಗೋ–ವೆಂಟ್ ಮರೆಯಲೇ ಇಲ್ಲ.

ಇರ್ರೆಗ್ಯುಲರ್ ಪದಗಳು ಇನ್ನೂ ಯಾಕೆ ಉಳಿದಿವೆ? ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಅವು ಶೇಕಡಾ 3ಕ್ಕಿಂತ ಕಡಿಮೆ. ಆದರೆ ಅತಿ ಹೆಚ್ಚು ಬಳಕೆಯಲ್ಲಿರುವ ಮೊದಲ 10 ಕ್ರಿಯಾಪದಗಳು ಅಷ್ಟೂ ಇರ್ರೆಗ್ಯುಲರ್. ಬೀ, ಹ್ಯಾವ್, ಡೂ, ಗೋ, ಸೇ ಇಂಥವು. 2007ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕೆಲವರು ಒಂದು ಲೆಕ್ಕ ಮಾಡಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಇಂಗ್ಲಿಷಿನ 177 ಇರ್ರೆಗ್ಯುಲರ್ ಕ್ರಿಯಾಪದಗಳನ್ನು ಆರಿಸಿಕೊಂಡರು. ನಡುಗಾಲದ ಇಂಗ್ಲಿಷಿಗೆ ಬರುವಾಗ ಅವುಗಳಲ್ಲಿ 145 ಮಾತ್ರ ಹಾಗೇ ಇದ್ದವು. ಇವತ್ತು ಉಳಿದಿರುವುದು 98. ಹೆಲ್ಪ್ ಪದಕ್ಕೆ ಒಂದು ಕಾಲದಲ್ಲಿ 'ಹೋಲ್ಪ್' ಎಂಬ ಭೂತರೂಪ ಇತ್ತು. ಈಗ ಅದು ಹೆಲ್ಪ್ಟ್. ಕಡಿಮೆ ಬಳಸುವ ಪದ ಬೇಗ ನಿಯಮಕ್ಕೆ ಬೀಳುತ್ತದೆ. ಒಂದು ಪದವನ್ನು ಇನ್ನೊಂದಕ್ಕಿಂತ 100 ಪಟ್ಟು ಕಡಿಮೆ ಬಳಸಿದರೆ ಅದು 10 ಪಟ್ಟು ಬೇಗ ರೆಗ್ಯುಲರ್ ಆಗುತ್ತದೆ ಎಂದು ಅವರ ಲೆಕ್ಕ ಹೇಳುತ್ತದೆ. ದಿನವೂ ಬಾಯಲ್ಲಿ ಓಡಾಡುವ ಪದ ಮಾತ್ರ ತನ್ನ ಹಳೆಯ ರೂಪ ಕಾಪಾಡಿಕೊಳ್ಳುತ್ತದೆ. ಕನ್ನಡದಲ್ಲಿ ಹಳೆಯ ಜಾಡು ಹಿಡಿದವು ಯಾವುವು ನೋಡಿ. ಬಂದ, ಹೋದ, ತಿಂದ, ಕೊಟ್ಟ, ಸತ್ತ. ಬದುಕಿಗೆ ತೀರಾ ಹತ್ತಿರದವು.

ಹೊಸದಾಗಿ ಬಂದ ಪದಗಳು ಎರಡೂ ಭಾಷೆಯಲ್ಲಿ ನಿಯಮದಂತೆಯೇ ನಡೆಯುತ್ತವೆ. ಪತ್ರಿಕೆಯವರು 'ಫೋಟೊ ಕ್ಲಿಕ್ಕಿಸಿದರು' ಎಂದು ಬರೆಯುತ್ತಾರೆ. ಇಂಗ್ಲಿಷಿನವರು 'ಗೂಗಲ್ಡ್' ಅನ್ನುತ್ತಾರೆ. ನಮ್ಮ ದೇಶದ ಆಫೀಸುಗಳಲ್ಲಿ ಬೆಳೆದ 'ಪ್ರಿಪೋನ್' ಕೂಡ 'ಪ್ರಿಪೋನ್ಡ್' ಎಂದೇ ಆಗುತ್ತದೆ. ಅರ್ಥಾತ್, ಹೊಸ ಪದ ಸಿಕ್ಕರೆ ಧೈರ್ಯವಾಗಿ ಬಾಲ ಸೇರಿಸಿ. ಹಳೆಯ, ಚಿಕ್ಕ, ದಿನಬಳಕೆಯ ಪದವಾದರೆ ಒಂದು ಕ್ಷಣ ನಿಂತು ಯೋಚಿಸಿ.

ಇನ್ನು ಗೊಂದಲದ ಜೋಡಿಗಳು. ಲೈ ಮತ್ತು ಲೇ. ರೈಸ್ ಮತ್ತು ರೇಯ್ಸ್. ಸಿಟ್ ಮತ್ತು ಸೆಟ್. ಫಾಲ್ ಮತ್ತು ಮರ ಬೀಳಿಸುವ ಅರ್ಥದ ಫೆಲ್. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ತಪ್ಪುತ್ತಾರೆ. ನಮಗೆ ಇದು ಅವರಿಗಿಂತ ಸುಲಭ ಆಗಬೇಕು. ಯಾಕೆಂದರೆ ನಮ್ಮ ಹತ್ತಿರ 'ಇಸು' ಇದೆ.

ಮಲಗು, ಮಲಗಿಸು. ಏರು, ಏರಿಸು. ಕೂರು, ಕೂರಿಸು. ಬೀಳು, ಬೀಳಿಸು. ಮೊದಲನೆಯದು ತಾನೇ ಆಗುವುದು. ಎರಡನೆಯದು ಇನ್ನೊಂದಕ್ಕೆ ಮಾಡುವುದು. ಮರಾಠಿಯಲ್ಲಿ ಬಸಣೆ, ಬಸವಣೆ. ತುಳುವಿನಲ್ಲಿ ಕುಲ್ಲುನಿ, ಕುಲ್ಲಾವುನಿ. ಇಂಗ್ಲಿಷಿನ ಹಿಂದಿನ ಮೂಲ ಭಾಷೆಯಲ್ಲೂ ಇಂಥದೇ ಒಂದು ಪ್ರತ್ಯಯ ಇತ್ತು. ಅದು ಸವೆದು ಮಾಯವಾಯಿತು. ಹೋಗುವಾಗ ಒಳಗಿನ ಸ್ವರವನ್ನು ಬದಲಿಸಿ ಹೋಯಿತು. ಆ ಬದಲಾದ ಸ್ವರವೇ ಲೇ, ಸೆಟ್, ಫೆಲ್. ಹಾಗಾಗಿ ನಿಮ್ಮ ಮನಸ್ಸಿಗೆ ಬಂದ ಕನ್ನಡ ಪದದಲ್ಲಿ 'ಇಸು' ಇದೆಯಾ ನೋಡಿ. ಮನೆ ಬಾಡಿಗೆ ಏರಿತು, 'ದ ರೆಂಟ್ ರೋಸ್'. ಮಾಲೀಕರು ಬಾಡಿಗೆ ಏರಿಸಿದರು, 'ದ ಓನರ್ ರೇಯ್ಸ್ಡ್ ದ ರೆಂಟ್'. ಈ ಊರಿನಲ್ಲಿ ಎರಡು ವಾಕ್ಯವನ್ನೂ ಹೇಳಬೇಕಾಗುತ್ತದೆ, ಎರಡೂ ಒಂದೇ ಅಲ್ಲ.

ಲೈ–ಲೇ ಜೋಡಿಯಲ್ಲಿ ಒಂದು ಗುಂಡಿ ಇದೆ, ನಿಧಾನವಾಗಿ ನೋಡೋಣ. ಲೈ ಅಂದರೆ ಮಲಗು, ಒರಗು. ಅದರ ಮೂರು ರೂಪ ಲೈ, ಲೇ, ಲೇನ್. ಲೇ ಅಂದರೆ ಮಲಗಿಸು, ಇಡು. ಅದರ ರೂಪ ಲೇ, ಲೇಡ್, ಲೇಡ್. ಮೊದಲನೆಯದರ ಭೂತಕಾಲ ಎರಡನೆಯದರ ವರ್ತಮಾನದ ಹಾಗೇ ಕೇಳುತ್ತದೆ. ತೊಂದರೆಯೆಲ್ಲ ಇಲ್ಲೇ. ಕೋಳಿ ಮೊಟ್ಟೆ ಇಡುತ್ತದೆ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲೂ ಅದು ಲೇ. ಕೋಳಿ ನಿನ್ನೆ ಮೊಟ್ಟೆ ಇಟ್ಟಿತು, ಲೇಡ್. ಅಜ್ಜ ನಿನ್ನೆ ಮಧ್ಯಾಹ್ನ ಮಲಗಿದ್ದರು, ಲೇ. ಇಟ್ಟದ್ದಾದರೆ ಲೇಡ್, ಮಲಗಿದ್ದಾದರೆ ಲೇ. ಸುಳ್ಳು ಹೇಳು ಎಂಬ ಅರ್ಥದ ಲೈ ಬೇರೆಯೇ ಪದ. ಅದು ರೆಗ್ಯುಲರ್, ಲೈಡ್.

ಈಗ ನನ್ನ ಮನಸ್ಸಿಗೆ ನೋವಾದ ಒಂದು ವಿಷಯ. ನಮ್ಮ ಕಟ್ಟಡದ ಹುಡುಗಿಯೊಬ್ಬಳು ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ಬಿ.ಕಾಂ. ಮಾಡಿದ ಜಾಣೆ. ಮಾತಿನ ನಡುವೆ 'ಐ ಡಿಡಂಟ್ ವೆಂಟ್' ಅಂದಳು. ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅಲ್ಲಿಗೆ ಅವಳ ಬಾಯಿ ಕಟ್ಟಿತು. ಗೊತ್ತಿದ್ದ ಉತ್ತರವೂ ಬರಲಿಲ್ಲ. ಮನೆಗೆ ಬಂದು ಇನ್ನು ಇಂಗ್ಲಿಷ್ ಮಾತಾಡುವುದೇ ಇಲ್ಲ ಅಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ.

ಅವಳನ್ನು ಕೂರಿಸಿ ಕೇಳಿದೆ. 'ಕನ್ನಡದಲ್ಲಿ ಹೇಳಮ್ಮ. ನೀನು ಹೋದೆಯಾ?' 'ಹೋಗಲಿಲ್ಲ ಅಂಕಲ್.' 'ಹೋದಲಿಲ್ಲ ಅಂತ ಯಾಕೆ ಅನ್ನಲಿಲ್ಲ?' ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮುಖ ಅರಳಿತು. ಹೋದ ಅನ್ನುವುದು ಇಲ್ಲ ಸೇರಿದ ಕೂಡಲೇ ಮತ್ತೆ ಹೋಗು ಆಗುತ್ತದೆ. ತಿಂದ, ತಿನ್ನಲಿಲ್ಲ. ಬಂದ, ಬರಲಿಲ್ಲ. ಕಾಲದ ಭಾರವನ್ನು 'ಲಿಲ್ಲ' ಹೊತ್ತುಕೊಂಡಿತು, ಕ್ರಿಯಾಪದ ಹಗುರವಾಗಿ ಮೂಲಕ್ಕೆ ಮರಳಿತು. ಇಂಗ್ಲಿಷಿನಲ್ಲಿ ಆ ಭಾರವನ್ನು 'ಡಿಡ್' ಹೊರುತ್ತದೆ. ಡಿಡಂಟ್ ಗೋ, ಡಿಡಂಟ್ ಈಟ್, ಡಿಡಂಟ್ ಕಮ್. ಪ್ರಶ್ನೆಯಲ್ಲೂ ಹಾಗೆಯೇ, 'ಡಿಡ್ ಯು ಗೋ'. 'ಡಸ್ ಹಿ ಗೋಸ್' ಕೂಡ ಇದೇ ತಪ್ಪು. ಡಸ್ ಆಗಲೇ ಸ್ ಹೊತ್ತುಕೊಂಡಿದೆ. ಅವಳು ಈಗ ಬೇರೆ ಕಡೆ ಕೆಲಸಕ್ಕೆ ಸೇರಿದ್ದಾಳೆ, ಚೆನ್ನಾಗಿ ಮಾತಾಡುತ್ತಾಳೆ.

'ಐ ಆಮ್ ನೋಯಿಂಗ್', 'ಐ ಆಮ್ ವಾಂಟಿಂಗ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್'. ಇವು ನಮ್ಮ ದೇಶದಲ್ಲಿ ಎಲ್ಲ ಕಡೆ ಕೇಳುತ್ತವೆ. ಆದರೆ ಕನ್ನಡದವರು ಹೀಗೆ ಹೇಳಲು ಕಾರಣವೇ ಇಲ್ಲ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನ್ನ ಹತ್ತಿರ ಇದೆ. ಇವುಗಳಿಗೆ 'ತ್ತಾ ಇದ್ದೇನೆ' ಸೇರಿಸಿ ನೋಡಿ. ಆಗುವುದೇ ಇಲ್ಲ. ಗೊತ್ತು, ಬೇಕು, ಇಷ್ಟ ಅನ್ನುವುದು ನಡೆಯುತ್ತಿರುವ ಕೆಲಸವಲ್ಲ, ಇರುವ ಸ್ಥಿತಿ. ಇಂಗ್ಲಿಷಿನಲ್ಲೂ ಐ ನೋ, ಐ ವಾಂಟ್, ಐ ಲೈಕ್, ಐ ಹ್ಯಾವ್. ಊಟ ಮಾಡುತ್ತಾ ಇದ್ದೇನೆ ಎಂಬ ಅರ್ಥದಲ್ಲಿ 'ಹ್ಯಾವಿಂಗ್ ಲಂಚ್' ಸರಿ, ಅದು ನಡೆಯುತ್ತಿರುವ ಕೆಲಸ.

ಇಲ್ಲಿಯವರೆಗೆ ಕನ್ನಡ ಕೈ ಹಿಡಿಯಿತು. ಇನ್ನು ಕನ್ನಡ ಕಾಲಿಗೆ ತೊಡರುವ ಜಾಗಗಳು.

ಮೊದಲನೆಯದು 'ಕೇಳು'. ಎಂಥ ದೊಡ್ಡ ಪದ ಅದು! ಪ್ರಶ್ನೆ ಕೇಳು, ಹಾಡು ಕೇಳು, ಸದ್ದು ಕೇಳು, ಸಾಲ ಕೇಳು. ಇಂಗ್ಲಿಷಿನಲ್ಲಿ ಅದು ಆಸ್ಕ್, ಲಿಸನ್, ಹಿಯರ್ ಎಂದು ಒಡೆಯುತ್ತದೆ. ಮುಂಬಯಿಯ ನಮಗೆ ಇಲ್ಲಿ ಒಂದು ಅನುಕೂಲ ಇದೆ. ಮರಾಠಿಯಲ್ಲಿ ಹೇಳಿಕೊಂಡು ನೋಡಿ. 'ವಿಚಾರ್' ಬಂದರೆ ಆಸ್ಕ್. 'ಐಕ್' ಬಂದರೆ ಉಳಿದೆರಡರಲ್ಲಿ ಒಂದು. ಆ ಎರಡನ್ನು ಬೇರೆ ಮಾಡಲು ಮತ್ತೆ ಕನ್ನಡಕ್ಕೆ ಬನ್ನಿ. ತಾನಾಗಿ ಕಿವಿಗೆ ಬಿದ್ದರೆ, ಅಂದರೆ 'ಕೇಳಿಸಿದರೆ', ಹಿಯರ್. ಬೇಕೆಂದೇ ಕಿವಿಗೊಟ್ಟರೆ ಲಿಸನ್. ಇದೇ ಲೆಕ್ಕ ಕಣ್ಣಿಗೂ. ಕಂಡರೆ ಸೀ, ನೋಡಿದರೆ ಲುಕ್, ಕೂತು ನೋಡುತ್ತಾ ಇದ್ದರೆ ವಾಚ್.

'ಹೇಳು' ಕೂಡ ಎರಡಾಗುತ್ತದೆ. ಸೇ ಮತ್ತು ಟೆಲ್. ನನಗೆ ಹೇಳಿದ ಅನ್ನುವ 'ಗೆ' ನಮ್ಮನ್ನು 'ಟೋಲ್ಡ್ ಟು ಮಿ' ಅನ್ನಿಸುತ್ತದೆ. ಟೆಲ್ ಬಂದರೆ ಆ 'ಟು' ಬೇಡ, 'ಟೋಲ್ಡ್ ಮಿ' ಸಾಕು. 'ಹಾಕು' ಇನ್ನೂ ದೊಡ್ಡದು. ಲೈಟು ಹಾಕು, ಅಂಗಿ ಹಾಕು, ಬೀಗ ಹಾಕು, ಚಹಾಕ್ಕೆ ಸಕ್ಕರೆ ಹಾಕು. ಎಲ್ಲಕ್ಕೂ ಬರೀ 'ಪುಟ್' ಅಂದರೆ ನಡೆಯುವುದಿಲ್ಲ. ಲೈಟಿಗೆ ಸ್ವಿಚ್ ಆನ್, ಅಂಗಿಗೆ ಪುಟ್ ಆನ್, ಬೀಗಕ್ಕೆ ಲಾಕ್. ಡೂ ಮತ್ತು ಮೇಕ್ ನಡುವಿನ ವ್ಯತ್ಯಾಸಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ಹೋಮ್‌ವರ್ಕ್ ಡೂ, ಮಿಸ್ಟೇಕ್ ಮೇಕ್. ಜೊತೆ ಜೊತೆಯಾಗಿ ಕಲಿಯಬೇಕು. ಸಾಲದ ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಕೊಡುವವನು ಲೆಂಡ್, ತೆಗೆದುಕೊಳ್ಳುವವನು ಬಾರೋ.

'ಇಂದ' ಎಂಬ ಚಿಕ್ಕ ಪ್ರತ್ಯಯ ದೊಡ್ಡ ತೊಂದರೆ ಕೊಡುತ್ತದೆ. 2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ. ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ. ನಮಗೆ ಎರಡೂ 'ಇಂದ'. ಇಂಗ್ಲಿಷ್ ಶುರುವಾದ ದಿನಕ್ಕೆ ಸಿನ್ಸ್, ಉದ್ದಕ್ಕೆ ಫಾರ್ ಅನ್ನುತ್ತದೆ. ಕ್ರಿಯಾಪದವೂ ಬದಲಾಗಬೇಕು. 'ಐ ಆಮ್ ವರ್ಕಿಂಗ್ ಸಿನ್ಸ್' ತಪ್ಪು, 'ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್' ಸರಿ. ಕೆಲಸ ಹಿಂದೆ ಶುರುವಾಗಿ ಇವತ್ತಿನವರೆಗೂ ಬಂದಿದೆ ಎಂದು ತೋರಿಸಲು ಆ ಉದ್ದದ ರೂಪ. ಇದಕ್ಕೆ ತಿರುಗುಮುರುಗಾದ ತಪ್ಪು 'ನಿನ್ನೆ' ಜೊತೆ ಆಗುತ್ತದೆ. ನಿನ್ನೆ ಅವನನ್ನು ನೋಡಿದ್ದೇನೆ ಅಂದರೆ ಕನ್ನಡದಲ್ಲಿ ಸರಿ. ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಬಂದರೆ 'ಹ್ಯಾವ್ ಸೀನ್' ಬರಬಾರದು, 'ಸಾ' ಮಾತ್ರ.

ಮತ್ತೊಂದು ನಮ್ಮ 'ಬರ್ತೀನಿ'. ಹೊರಡುವಾಗ ನಾವು ಹೋಗ್ತೀನಿ ಅನ್ನುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸದಾಗಿ ಆಫೀಸಿಗೆ ಸೇರಿದ್ದ. ಸಂಜೆ ಹೊರಡುವಾಗ ಸಾಹೇಬರಿಗೆ 'ಓಕೆ ಸರ್, ಐ ವಿಲ್ ಕಮ್' ಎಂದು ಹೇಳಿ ಲೋಕಲ್ ಹತ್ತಿದ. ಅವನು ವಾಪಸ್ ಬರುತ್ತಾನೆ ಎಂದು ಅವರು ಬಾಗಿಲು ಹಾಕದೆ ಕಾಯುತ್ತಾ ಕೂತರು. ಮರುದಿನ ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಇದನ್ನು ನನಗೆ ಹೇಳಿದ. ಅವನು ಹೇಳಿದ್ದರಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಹೊರಡುವಾಗಿನ ನಮ್ಮ ಮರ್ಯಾದೆ ಇಂಗ್ಲಿಷಿನ ಕಮ್ ಒಳಗೆ ಹೋಗುವುದಿಲ್ಲ, ಅಷ್ಟೆ. ಅಲ್ಲಿ 'ಸೀ ಯು ಟುಮಾರೋ' ಅನ್ನಬೇಕು.

ಕಲಿಯುವ ಬಗೆ ಹೇಗೆ ಎಂದು ಕೇಳುತ್ತೀರಿ. ದಿನಕ್ಕೆ ಒಂದು ಮನೆಯ ನಾಲ್ಕು ಪದ ಸಾಕು. ಆದರೆ ಪದ ಮಾತ್ರ ಅಲ್ಲ, ನಿಮ್ಮ ನಿನ್ನೆಯ ದಿನದಿಂದ ನಾಲ್ಕು ವಾಕ್ಯ. ನಿನ್ನೆ ಎಷ್ಟು ಗಂಟೆಗೆ ಎದ್ದಿರಿ, ಯಾವ ಲೋಕಲ್ ತಪ್ಪಿತು, ಏನು ತಂದಿರಿ, ಯಾರು ಸಿಕ್ಕರು. ಬಾಯಿಬಿಟ್ಟು ಹೇಳಬೇಕು. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ ಪ್ರಯಾಣ. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡರೂ ಆಯಿತು. 'ಏಳು' ಅನ್ನುವುದರ ಭೂತಕಾಲ ನೀವು ಯೋಚಿಸಿ ಹೇಳುವುದಿಲ್ಲ, ಅಲ್ವಾ? ಬಳಸಿ ಬಳಸಿ ಬಂದದ್ದು ಅದು.

ಪ್ರಶ್ನೆಗಳು ಬಂದವು. ಕಾಲೇಜು ಹುಡುಗನೊಬ್ಬ ಲರ್ನ್ಡ್ ಸರಿಯೋ ಲರ್ನ್ಟ್ ಸರಿಯೋ ಎಂದು ಕೇಳಿದ. ಎರಡೂ ಸರಿ. ಬ್ರಿಟನ್ನಿನಲ್ಲಿ ಲರ್ನ್ಟ್, ಬರ್ನ್ಟ್ ಕೂಡ ಬಳಕೆಯಲ್ಲಿವೆ, ಅಮೆರಿಕದಲ್ಲಿ ಡ್ ದನಿಯದೇ ಜಾಸ್ತಿ. ಗೆಟ್ ಪದದ ಮೂರನೇ ರೂಪ 'ಗಾಟನ್' ಅಮೆರಿಕದ್ದು, ನಮ್ಮ ಶಾಲೆಗಳಲ್ಲಿ 'ಗಾಟ್' ಕಲಿಸುತ್ತಾರೆ. ಒಂದು ಬರಹದಲ್ಲಿ ಒಂದೇ ಕಡೆಯದನ್ನು ಹಿಡಿದುಕೊಂಡರೆ ಸಾಕು ಅಂದೆ. ಇನ್ನೊಬ್ಬರು ಹ್ಯಾಂಗ್ ಬಗ್ಗೆ ಕೇಳಿದರು. ಬಟ್ಟೆ, ಪಟ ನೇತುಹಾಕಿದರೆ ಹಂಗ್. ಮನುಷ್ಯರಿಗೆ ಗಲ್ಲು ಹಾಕಿದರೆ ಹ್ಯಾಂಗ್ಡ್.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಅವರು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದಿದ್ದರು. 'ಸರ್, ರಿಜಿಸ್ಟರಿನಲ್ಲಿ ದಿನಾ ಬರೆಯಬೇಕು. ಪೇಷಂಟ್ ಹತ್ತು ಗಂಟೆಗೆ ಮಲಗಿದರು ಅಂತ. ನಾನು ಇಷ್ಟು ವರ್ಷ ಲೈಡ್ ಅಂತ ಬರೆದಿದ್ದೀನಿ. ಅದು ಸುಳ್ಳು ಹೇಳಿದರು ಅಂತ ಆಗುತ್ತಾ?' ಹೌದು, ಹಾಗೆ ಆಗುತ್ತದೆ ಅಂದೆ. ಅವರೇ ಒರಗಿಕೊಂಡರೆ 'ದ ಪೇಷಂಟ್ ಲೇ ಡೌನ್ ಅಟ್ ಟೆನ್'. ನೀವು ಹಿಡಿದು ಮಲಗಿಸಿದರೆ 'ಐ ಲೇಡ್ ದ ಪೇಷಂಟ್ ಡೌನ್'. ಅವರು ಪರ್ಸಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಎರಡು ಸಾಲು ಬರೆದುಕೊಂಡರು. ಮಲಗು, ಲೇ. ಮಲಗಿಸು, ಲೇಡ್. ಆಮೇಲೆ ಇನ್ನೊಂದು ಕೇಳಿದರು. 'ಪೇಷಂಟನ್ನು ಎಬ್ಬಿಸಿ ಕೂರಿಸಿದರೆ?' 'ಐ ಸ್ಯಾಟ್ ಹಿಮ್ ಅಪ್' ಅಂದೆ. ಇಲ್ಲಿ ಸೆಟ್ ಬರುವುದಿಲ್ಲ. ಸೆಟ್ ಈಗ ಹೆಚ್ಚಾಗಿ ವಸ್ತುಗಳನ್ನು ಇಡುವುದಕ್ಕೆ ಉಳಿದುಕೊಂಡಿದೆ. ಕೂರಿಸುವುದಕ್ಕೂ ಸಿಟ್ ಪದವನ್ನೇ ಬಳಸುತ್ತಾರೆ. ಅದನ್ನೂ ಅವರು ಅಂಗೈ ಮೇಲೆ, ಹೆಬ್ಬೆರಳಿನ ಬುಡದಲ್ಲಿ ಬರೆದುಕೊಂಡರು.